ಸೈರನ್ ಕೂಗಿದರೆ ನಿಮ್ಮನೆ ತಯಾರಿದೆಯಾ?

ಪಹಲ್ಗಾಮ್ ದಾಳಿಯ ನಂತರ, 2025ರ ಮೇ 7ರಂದು, ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ತಾಲೀಮು ನಡೆಸಲು ಕೇಂದ್ರ ಗೃಹ ಇಲಾಖೆ ಹೇಳಿತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರು. ಸೈರನ್ ಕೂಗುತ್ತದೆಯೇ, ದೀಪ ಆರಿಸಲು ಜನಕ್ಕೆ ತಿಳಿದಿದೆಯೇ ಅಂತ ನೋಡೋದು ಅದರ ಉದ್ದೇಶ. ಎಲ್ಲಿ ಎಡವುತ್ತೇವೆ ಅಂತ ಗೊತ್ತಾದರೇನೇ ಅದು ಸಾರ್ಥಕ. ಬರೀ ಫೋಟೋ ತೆಗೆಸಿಕೊಂಡರೆ ಏನು ಬಂತು?

ಮನೆಯಲ್ಲೂ ಒಂದು ಸಂಜೆ ಮೇನ್ ಸ್ವಿಚ್ ಆರಿಸಿ ನೋಡಿ, ಸೋದರಿಯರೇ. ಟಾರ್ಚ್ ಕೈಗೆ ಸಿಗುತ್ತಾ? ಅದರಲ್ಲಿ ಸೆಲ್ ಇದೆಯಾ? ಗ್ಯಾಸಿನ ರೆಗ್ಯುಲೇಟರ್ ಆರಿಸೋಕೆ ನಿಮ್ಮನ್ನು ಬಿಟ್ಟು ಇನ್ಯಾರಿಗೆ ಬರುತ್ತೆ? ನಮ್ಮನೇಲಿ ಮಕ್ಕಳು 2 ನಿಮಿಷದಲ್ಲಿ ಬೀದಿಗೆ ಬಂದರು. ಅತ್ತೆಯವರನ್ನು ಮಂಚದಿಂದ ಇಳಿಸಿ ಹೊಸಿಲು ದಾಟಿಸುವಷ್ಟರಲ್ಲಿ 11 ನಿಮಿಷ! ಯಜಮಾನರು ಇಲ್ಲದ ಹಗಲು ಹೊತ್ತಿನಲ್ಲಿ ನಾನೊಬ್ಬಳೇ ಎತ್ತಲಾರೆ. ಅದಕ್ಕೇ ಪಕ್ಕದ ಮನೆ ಹುಡುಗನಿಗೆ ಹೇಳಿಟ್ಟು, ಕುರ್ಚಿ ಸಮೇತ ಎತ್ತೋದನ್ನ ಎರಡು ಸಲ ಮಾಡಿ ನೋಡಿದೆವು. ಅತ್ತೆಯವರು "ನನ್ನ ಮೆರವಣಿಗೆ" ಅಂತ ನಗ್ತಾರೆ.

ಹಿರಿಯರ ಮಾತ್ರೆ, ರೇಷನ್ ಕಾರ್ಡು, ಆಧಾರ್ ನಕಲು, ಸ್ವಲ್ಪ ಚಿಲ್ಲರೆ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ಇರಲಿ. ಪೊಲೀಸು, ಬೆಂಕಿ, ಆಂಬುಲೆನ್ಸಿಗೆ 112. ಗ್ಯಾಸ್ ಸೋರಿದರೆ 1906. ವಾಸನೆ ಬಂದಾಗ ಮಾತ್ರ ಯಾವ ಸ್ವಿಚ್ಚೂ ಮುಟ್ಟಬೇಡಿ, ಹೊರಗೆ ಬಂದು ಫೋನ್ ಮಾಡಿ. ನಂಬರು ಮೊಬೈಲಿನಲ್ಲಿದ್ದರೆ ಸಾಲದು, ಗೋಡೆಯ ಕ್ಯಾಲೆಂಡರ್ ಮೇಲೂ ದಪ್ಪಗೆ ಬರೆದಿಡಿ.