ಆ ಮೂರು ದಿನ ದೇವರೆಲ್ಲಿ?

ತುಲಾ ಸಂಕ್ರಮಣದ ಮರುದಿನ ತಲಕಾವೇರಿಯ ತೀರ್ಥ ಹಾರಂಗಿಯ ನಮ್ಮ ಮನೆಗೂ ಬಂತು. ನಾನು ಮುಟ್ಟಾಗಿದ್ದೆ. "ನಿನಗೆ ಬೇಡಮ್ಮ, ದೂರ ಇರು" ಎಂದರು ಅತ್ತೆ. ದಿನಾ ಸಂಜೆ ಗೀತೆ ಓದುವವರು ಅವರು.

ಆ ಗೀತೆಯಲ್ಲೇ ಒಂದು ತೊಡಕಿದೆ. ಜೀವಿಗಳೆಲ್ಲ ತನ್ನಲ್ಲಿವೆ, ತಾನು ಅವುಗಳಲ್ಲಿಲ್ಲ ಎಂದು 9ನೇ ಅಧ್ಯಾಯದಲ್ಲಿ ಹೇಳುವ ಕೃಷ್ಣ, 18ನೇ ಅಧ್ಯಾಯದಲ್ಲಿ ಈಶ್ವರ ಎಲ್ಲ ಜೀವಿಗಳ ಹೃದಯದಲ್ಲಿದ್ದಾನೆ ಎನ್ನುತ್ತಾನೆ. ಯಾವುದು ನಿಜ? ಪಂಡಿತರು ಭಾಷ್ಯ ಬರೆದಿದ್ದಾರೆ, ಬರೆಯಲಿ. ನಾನು ಹೊಳೆಯಿಂದ ನೀರು ಹೊತ್ತವಳು. ಮುಳುಗಿಸಿದ ಕೊಡದೊಳಗೂ ಹಾರಂಗಿಯೇ. ಆದರೆ ಹಾರಂಗಿ ಕೊಡದಲ್ಲಿ ಹಿಡಿಸೀತೆ? 47 ಮೀಟರ್ ಎತ್ತರದ ನಮ್ಮೂರ ಅಣೆಕಟ್ಟೆಯೇ ಮಳೆಗಾಲದಲ್ಲಿ ಅವಳನ್ನು ಹಿಡಿದಿಡಲಾರದೆ ಗೇಟು ತೆರೆಯುತ್ತದೆ. ನನಗೆ ಎರಡು ಮಾತೂ ಒಂದೇ.

ಆದರೆ ತಿಂಗಳಿಗೆ ಮೂರು ದಿನ ದೇವರು ಹೆಣ್ಣಿನ ಹೃದಯ ಬಿಟ್ಟು ಹೊರಗೆ ಹೋಗಿ ಕೂರುತ್ತಾನೆಂದು ಯಾವ ಅಧ್ಯಾಯದಲ್ಲಿದೆ, ಹೇಳಿ? ಕಾವೇರಿಯನ್ನು ತಾಯಿ ಎನ್ನುತ್ತೇವೆ. ತಾಯಿಗೆ ಮಗಳ ಮುಟ್ಟು ತಿಳಿಯದೆ? ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುವಾಗ, ಯಾರ ಬಟ್ಟೆ ಒಗೆದ ನೀರು ತಂದೆ ಎಂದು ಆಕೆ ಕೇಳುವುದಿಲ್ಲ.

ಇಷ್ಟನ್ನೂ ಅತ್ತೆಗೆ ಹೇಳಿದೆ. ಅವರು ಮಾತಾಡಲಿಲ್ಲ. ತೀರ್ಥದ ಲೋಟವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ನಾನು ಕುಡಿದೆ.