ಹೊಲಿಗೆ ಕೀವಾದರೆ ಅದು ಯಾರ ಹಣೆಬರಹ?

ಅರಸೀಕೆರೆಯ ಗಿರಣಿ ಕೂಲಿಗಾರನಿಗೆ ಕರುಳಿನ ಆಪರೇಷನ್ ಆಗುತ್ತದೆ. ವಾರದೊಳಗೆ ಹೊಲಿಗೆ ಬಾತು ಕೀವು ಸುರಿಯುತ್ತದೆ. ಕೇಳಿದರೆ, “ನೀವು ಚೊಕ್ಕಟವಾಗಿರುವುದಿಲ್ಲ, ನಿಮ್ಮ ಹಣೆಬರಹ” ಎಂಬ ಉತ್ತರ. ಕೂಲಿ ನಿಂತಿತು, ಕೈಸಾಲ ಬೆಳೆಯಿತು. ಸಂತೆಯಲ್ಲಿ ಅಂಗಡಿ ಹಾಕುವವನಿಗೂ ಇದೇ ಗತಿ: ಅವನು ಮಲಗಿದರೆ ಅಂಗಡಿಯೂ ಮಲಗಿತು.

ಈ ಹಣೆಬರಹದ ಮಾತನ್ನು ನಾವು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆ, ಬೀಡಿ ಇವು ಗಾಯ ಮಾಯುವುದನ್ನು ತಡೆಯುತ್ತವೆ, ನಿಜ. ಆದರೆ 66 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಹೊಟ್ಟೆಯ ಆಪರೇಷನ್ನುಗಳನ್ನು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದ ವರದಿ ಏನು ಹೇಳುತ್ತದೆ? ಮುಂದುವರಿದ ದೇಶಗಳಲ್ಲಿ ಗಾಯಕ್ಕೆ ನಂಜು ತಗುಲಿದ್ದು ನೂರಕ್ಕೆ 9.4 ಮಂದಿಗೆ, ತೀರ ಹಿಂದುಳಿದ ದೇಶಗಳಲ್ಲಿ 23.2 ಮಂದಿಗೆ. ಬ್ರಹ್ಮನು ಹಣೆಯ ಮೇಲೆ ಬರೆಯುವಾಗ ದೇಶದ ಆದಾಯ ನೋಡಿ ಬರೆಯುತ್ತಾನೆಯೇ?

ಇನ್ನು ಮುಖ್ಯವಾದ ಸಂಗತಿ. ಭಾರತವೂ ಸೇರಿದಂತೆ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ, 13,301 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಮಾಡಿದ್ದು ಇಷ್ಟೇ: ಹೊಟ್ಟೆಯ ಗಾಯವನ್ನು ಹೊಲಿದು ಮುಚ್ಚುವ ಮುಂಚೆ ಡಾಕ್ಟರೂ ದಾದಿಯೂ ಗ್ಲೌಸು ಬದಲಾಯಿಸಬೇಕು, ಬೇರೆ ಶುದ್ಧ ಉಪಕರಣಗಳನ್ನು ಹಿಡಿಯಬೇಕು. ಕರುಳನ್ನು ಮುಟ್ಟಿದ ಕೈಯಲ್ಲೇ ಚರ್ಮ ಹೊಲಿಯಬಾರದು. ನಮ್ಮ ಅಡಿಗೆಮನೆಯ ಹೆಂಗಸರಿಗೂ ಗೊತ್ತಿರುವ ನ್ಯಾಯ. 2022ರಲ್ಲಿ ಫಲ ಹೊರಬಂತು. ಬದಲಾಯಿಸದ ಕಡೆ ನೂರಕ್ಕೆ 18.9 ಮಂದಿಗೆ ನಂಜಾದರೆ, ಬದಲಾಯಿಸಿದ ಕಡೆ 16. ಎಂಟು ನಂಜುಗಳಲ್ಲಿ ಸುಮಾರು ಒಂದು ತಪ್ಪಿತು.

“ದುಡ್ಡಿಲ್ಲ” ಎಂಬ ರಾಗ ಈಗ ಕೇಳಿಬರುತ್ತದೆ. ಅದಕ್ಕೂ ಜವಾಬಿದೆ. ಅದಕ್ಕೆ ಹಿಂದಿನ ವರ್ಷ, 2021ರಲ್ಲಿ, ಅದೇ ಏಳು ದೇಶಗಳ 5,788 ರೋಗಿಗಳ ಮೇಲಿನ ಇನ್ನೊಂದು ಪರೀಕ್ಷೆಯ ಫಲ ಬಂದಿತ್ತು. ನಂಜುನಿರೋಧಕ ಲೇಪನದ ದುಬಾರಿ ದಾರ, ದುಬಾರಿ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಒಂದು ಕಡೆ. ಸಾದಾ ದಾರ, ಹಳೆಯ ಪೊವಿಡೋನ್ ಅಯೋಡಿನ್ ಇನ್ನೊಂದು ಕಡೆ. ನಂಜಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ! ಕಂಪನಿಗೆ ಲಾಭ ತರುವ ದಾರ ರೋಗಿಯನ್ನು ಕಾಯಲಿಲ್ಲ, ಅಗ್ಗದ ಗ್ಲೌಸು ಕಾಯಿತು. ಔಷಧ ಖರೀದಿಯ ಟೆಂಡರು ಬರೆಯುವ ಮಹಾಶಯರು ಇದನ್ನು ಓದಿದ್ದಾರೆಯೇ?

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಮಗೂ ಹೆಮ್ಮೆಯೇ. ಆದರೆ ಕಲ್ಲಿನ ಮದನಿಕೆಗೆ ಸಲ್ಲುವ ಕಾಳಜಿ ಅದೇ ಊರಿನ ಬಾಣಂತಿಯ ಹೊಲಿಗೆಗೂ ಸಲ್ಲಲಿ. ನಂಜಾದರೆ ಆಕೆಯನ್ನು ಸುಮಾರು ನಲವತ್ತು ಕಿಲೋಮೀಟರು ದೂರದ ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಬಾಡಿಗೆ ಕಾರಿನ ದುಡ್ಡು ಯಾರ ಜೇಬಿನದು?

ದಾದಿಯರ ಮೇಲೆ, ವಾರ್ಡಿನ ಆಳುಗಳ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ದುಡಿಯುವವರೇ. ಎರಡನೇ ಜೊತೆ ಗ್ಲೌಸು ಬೀರುವಿನಲ್ಲೇ ಇಲ್ಲದಿದ್ದರೆ ಅವರು ಎಲ್ಲಿಂದ ತಂದಾರು?

ಆದ್ದರಿಂದ ಅರಸೀಕೆರೆ, ಬೇಲೂರು ತಾಲ್ಲೂಕು ಆಸ್ಪತ್ರೆಗಳ ಆಡಳಿತವನ್ನು ನಾವು ಕೇಳುತ್ತೇವೆ. ಹೊಲಿಗೆಗೆ ಮುಂಚೆ ಗ್ಲೌಸು, ಉಪಕರಣ ಬದಲಾಯಿಸುವ ನಿಯಮ ನಿಮ್ಮಲ್ಲಿ ಇದೆಯೇ? ತಿಂಗಳಿಗೆ ಎಷ್ಟು ಆಪರೇಷನ್ ಆದವು, ಮೂವತ್ತು ದಿನದೊಳಗೆ ಎಷ್ಟು ಗಾಯ ನಂಜಾದವು? ಈ ಎರಡು ಅಂಕಿಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಿ. ಹಾಕುವವರೆಗೆ ಪ್ರತಿ ಸಂಚಿಕೆಯಲ್ಲೂ ಇದೇ ಪ್ರಶ್ನೆಯನ್ನು ಅಚ್ಚು ಹಾಕುತ್ತೇವೆ.