ಕೀ ಗಾಡಿಯಲ್ಲೇ ಇತ್ತು

ನಿನ್ನೆ ಮೈಲುತುತ್ತ ತರೋಕೆ ಅಂತ ರಿಪ್ಪನ್‌ಪೇಟೆಗೆ ಹೋಗಿದ್ದೆ. ಮೊದಲನೇ ಔಷಧಿ ಹೊಡೆಯೋದೇ ಇನ್ನೂ ಬಾಕಿ, ಮಳೆ ಬಿಡುವು ಕೊಡ್ತಾ ಇಲ್ಲ. ಅಂಗಡೀಲಿ ರಶ್ ಇತ್ತು. ಹೊರಗೆ ನಿಂತವನು ಸುಮ್ಮನೆ ಸಾಲಾಗಿ ನಿಲ್ಲಿಸಿದ್ದ ಗಾಡಿಗಳನ್ನ ಎಣಿಸಿದೆ. ಹದಿನಾಲ್ಕು. ಅದರಲ್ಲಿ ಐದು ಗಾಡೀಲಿ ಕೀ ಹಾಗೇ ನೇತಾಡ್ತಾ ಇತ್ತು. ಒಂದು ಸ್ಕೂಟಿಯ ಕೀ ಗೊಂಚಲಲ್ಲಿ ಮನೆ ಬೀಗದ ಕೀ, ಗೋಡ್ರೇಜ್ ಕೀ ಎಲ್ಲಾ ಇತ್ತು. ಕಳ್ಳ ಬಂದ್ರೆ ಎರಡು ಸಲ ಬರೋ ಕಷ್ಟ ಇಲ್ಲ, ಆ ಗಾಡೀಲೇ ಮನೆಗೂ ಹೋಗಿ ಬರಬಹುದು.

ನಗಬೇಡಿ. ನಾನೂ ಐವತ್ತು ವರ್ಷ ದಾಟೋವರೆಗೆ ಹಾಗೇ ಇದ್ದವನು. ಅದರಿಂದ ಏನಾಯ್ತು ಅಂತ ಇಲ್ಲಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ನಾಚಿಕೆ ಆಗಿ ಬರೆದಿರಲಿಲ್ಲ.

2022ರ ನವೆಂಬರ್. ಕೊನೆ ಜೋರು ನಡೀತಾ ಇತ್ತು. ಹಾವೇರಿ ಕಡೆಯಿಂದ ಆರು ಜನರ ತಂಡ ಬಂದಿತ್ತು. ನನ್ನ ಸ್ಪ್ಲೆಂಡರ್ ತೋಟದ ಮೇಲೆ ದಣಪೆ ಹತ್ರ ನಿಂತಿತ್ತು, ಕೀ ಅದರಲ್ಲೇ. ಯಾಕೆ ಅಂದ್ರೆ ನಮ್ಮಲ್ಲಿ ಅದು ರೂಢಿ. ಪಕ್ಕದ ಮನೆಯವರು ಡೈರಿಗೆ ಹಾಲು ಹಾಕೋಕೆ ತಗೊಂಡು ಹೋಗ್ತಾರೆ, ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಯಾರ ಗಾಡಿ ಹತ್ರ ಇದೆಯೋ ಅದನ್ನ ಹತ್ತೋದು. ಕೀ ತೆಗೆದು ಜೇಬಿಗೆ ಹಾಕಿಕೊಂಡ್ರೆ 'ಓಹೋ, ನಮ್ಮ ಮೇಲೆ ನಂಬಿಕೆ ಇಲ್ಲ ಅನ್ಸುತ್ತೆ' ಅಂತ ಅಂದುಕೊಳ್ತಾರೆ ಅನ್ನೋ ಸಂಕೋಚ ಬೇರೆ.

ಮಧ್ಯಾಹ್ನ ಮೂರು ಗಂಟೆಗೆ ಮೇಲೆ ಬಂದು ನೋಡಿದ್ರೆ ಗಾಡಿ ಇಲ್ಲ. ನನಗೆ ಗಾಬರೀನೇ ಆಗಲಿಲ್ಲ ಮಾರಾಯ್ರೇ. ಯಾರೋ ತಗೊಂಡು ಹೋಗಿರ್ತಾರೆ, ಬರ್ತಾರೆ ಅಂತ ವಾಪಸ್ ತೋಟಕ್ಕೆ ಇಳಿದೆ. ಸಂಜೆ ಪಕ್ಕದ ಮನೆಯವರು ನಡೆದುಕೊಂಡೇ ಬಂದು 'ಅಣ್ಣಾ, ಗಾಡಿ ಇದೆಯಾ?' ಅಂತ ಕೇಳಿದಾಗ ಎದೆ ಧಸಕ್ ಅಂತು. ಅಷ್ಟರಲ್ಲಿ ಮೂರು ತಾಸು ಕಳೆದಿತ್ತು. ಆನಂದಪುರದ ಕಡೆ ಹೋದ್ರೆ ಸಾಗರ ರಸ್ತೆ, ಈ ಕಡೆ ಹೋದ್ರೆ ಶಿವಮೊಗ್ಗ, ಇನ್ನೊಂದು ಕಡೆ ತೀರ್ಥಹಳ್ಳಿ. ಮೂರು ತಾಸಲ್ಲಿ ಕಳ್ಳ ಜಿಲ್ಲೆ ದಾಟಿರ್ತಾನೆ. ಕೀ ಗಾಡೀಲೇ ಬಿಡೋದರ ಮೊದಲ ನಷ್ಟ ಇದೇ: ಕಳುವಾಗಿದೆ ಅಂತ ಗೊತ್ತಾಗೋದೇ ತಡ.

ಎರಡನೇ ನಷ್ಟ ಅದಕ್ಕಿಂತ ದೊಡ್ಡದು. ಆ ತಂಡದಲ್ಲಿ ಇಪ್ಪತ್ತು ಇಪ್ಪತ್ತೊಂದರ ಹುಡುಗ ಒಬ್ಬ ಇದ್ದ. ಮಧ್ಯಾಹ್ನ ಊಟ ಆದಮೇಲೆ ಫೋನಿಗೆ ರೀಚಾರ್ಜ್ ಮಾಡಿಸಬೇಕು ಅಂತ ಟಾರ್ ರಸ್ತೆ ಕಡೆ ಹೋಗಿ ಬಂದಿದ್ದ. ಅಷ್ಟು ಸಾಕಾಯ್ತು. ಕಣದಲ್ಲಿ ಸೇರಿದ್ದ ನಮ್ಮ ಊರಿನವರೆಲ್ಲ ಅವನನ್ನೇ ನೋಡೋಕೆ ಶುರು ಮಾಡಿದ್ರು. 'ಕೀ ಇರೋದು ಅವನಿಗೆ ಗೊತ್ತಿತ್ತು', 'ಯಾರಿಗೋ ಫೋನ್ ಮಾಡಿ ಹೇಳಿರ್ತಾನೆ' ಅಂತ ಒಬ್ಬೊಬ್ಬರು ಒಂದೊಂದು. ಕೀ ಗಾಡೀಲಿ ಇರೋದು ಊರಿಗೆ ಊರೇ ಗೊತ್ತಿತ್ತು. ಆದ್ರೆ ಊರಿನವರ ಮೇಲೆ ಅನುಮಾನ ಪಡೋಕಾಗಲ್ಲವಲ್ಲ, ಹೊರಗಿನವನು ಸುಲಭಕ್ಕೆ ಸಿಕ್ಕ.

ನಾನು 'ನೀನೇ ತಗೊಂಡಿದ್ದೀಯ' ಅನ್ನಲಿಲ್ಲ. ಆದ್ರೆ ಅವನ ಚೀಲ ನೋಡಬೇಕು ಅಂದೆ. ಬೈಕು ಚೀಲದಲ್ಲಿ ಇರುತ್ತಾ? ಆ ಹೊತ್ತಿಗೆ ನನಗೆ ಅಷ್ಟೂ ಹೊಳೀಲಿಲ್ಲ. ಅವನು ಎಲ್ಲರ ಎದುರು ಚೀಲ ಬಿಚ್ಚಿ ನೆಲಕ್ಕೆ ಸುರಿದ. ಎರಡು ಅಂಗಿ, ಒಂದು ಟವೆಲ್ಲು, ಒಂದು ಚಾರ್ಜರ್, ಅವನ ತಾಯಿಯ ಔಷಧಿ ಚೀಟಿ. 'ನೋಡ್ರಿ ಅಣ್ಣಾರ, ಚಲೋತ್ನ್ಯಾಗ ನೋಡ್ರಿ' ಅಂದ. ಮಾರನೇ ದಿನ ಬೆಳಿಗ್ಗೆ ಲೆಕ್ಕ ಮಾಡಿಸಿಕೊಂಡು ಬಸ್ಸು ಹತ್ತಿದ. ತಂಡದವರು ಉಳಿದ್ರು. ನಾಲ್ಕು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಗಾಡಿ ಮೂರೂವರೆ ತಿಂಗಳ ಮೇಲೆ ಸಿಕ್ತು. ಬೇರೆ ತಾಲ್ಲೂಕಿನಲ್ಲಿ ಒಬ್ಬನನ್ನ ಬೇರೆ ಗಾಡಿ ಕೇಸಲ್ಲಿ ಹಿಡಿದಾಗ ಅವನು ಬಾಯಿ ಬಿಟ್ಟ. ನನ್ನ ಸ್ಪ್ಲೆಂಡರನ್ನ ಏಳು ಸಾವಿರಕ್ಕೆ ಮಾರಿದ್ದ. ಯಾರಿಗೆ ಗೊತ್ತಾ? ನನ್ನಂಥದೇ ಒಬ್ಬ ಎರಡು ಎಕರೆ ಅಡಿಕೆ ತೋಟದವನಿಗೆ. ನಂಬರ್ ಪ್ಲೇಟ್ ಕಿತ್ತು ಹಾಕಿ, ಹಿಂದೆ ಕಬ್ಬಿಣದ ಸ್ಟ್ಯಾಂಡ್ ಬೆಸುಗೆ ಹಾಕಿಸಿ ಗೊಬ್ಬರ ಸಾಗಿಸ್ತಾ ಇದ್ದ. ಹ್ಯಾಂಡಲ್ ಕುತ್ತಿಗೆ ಮೇಲಿನ ಚಾಸಿ ನಂಬರ್ ತಾಳೆ ನೋಡಿ ನನ್ನದೇ ಅಂತ ಆಯ್ತು. ಆ ಮನುಷ್ಯನನ್ನ ಸ್ಟೇಷನ್‌ನಲ್ಲಿ ನೋಡಿದೆ. ಹೆಚ್ಚುಕಮ್ಮಿ ನನ್ನ ವಯಸ್ಸು. 'ತೋಟದೊಳಗೆ ಮಾತ್ರ ಓಡಿಸ್ತಿದ್ದೆ ಸಾರ್, ರೋಡಿಗೆ ತಂದಿಲ್ಲ' ಅಂತ ಅದೊಂದೇ ಮಾತು ಹೇಳ್ತಾ ಇದ್ದ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕಂದ್ರೆ ಅದಕ್ಕೆ ಎರಡು ವರ್ಷ ಮುಂಚೆ ನಾನೇ ಒಂದು ಪೇಪರ್ ಇಲ್ಲದ ಟಿವಿಎಸ್ ಎಕ್ಸ್‌ಎಲ್ ನಾಲ್ಕು ಸಾವಿರಕ್ಕೆ ಮಾತಾಡಿದ್ದೆ. ತೋಟಕ್ಕೆ ಅಂತಲೇ. ಇನ್ನೊಬ್ಬರು ಐನೂರು ಜಾಸ್ತಿ ಕೊಟ್ಟು ತಗೊಂಡು ಹೋದ್ರು, ಇಲ್ಲಾಂದ್ರೆ ಆ ಬೆಂಚಿನ ಮೇಲೆ ನಾನು ಕೂತಿರ್ತಿದ್ದೆ.

ಈ 'ತೋಟದ ಗಾಡಿ' ಅನ್ನೋ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಹೋಗಿದೆ ನೋಡಿ. ಪೇಪರ್ ಇದೆಯಾ ಅಂದ್ರೆ 'ಇಲ್ಲ, ತೋಟಕ್ಕೆ ತಾನೇ' ಅಂತಾರೆ. ಪೇಪರ್ ಹರಿದು ಹೋಗಿರಬಹುದು, ಹಳೇ ಮಾಲೀಕ ತೀರಿಕೊಂಡಿರಬಹುದು, ಎಲ್ಲವೂ ಕಳ್ಳ ಮಾಲು ಅಂತ ನಾನು ಹೇಳಲ್ಲ. ಆದ್ರೆ ಕಳ್ಳ ಮಾಲಿಗೆ ಇದಕ್ಕಿಂತ ಒಳ್ಳೆ ಮಾರ್ಕೆಟ್ ಯಾವುದಿದೆ? ಚೆಕಿಂಗ್ ಇಲ್ಲ, ಕ್ಯಾಮೆರಾ ಇಲ್ಲ, ಗಾಡಿ ತೋಟದ ಒಳಗೆ ಹೋದ್ರೆ ಹೊರಗೆ ಬರಲ್ಲ. ಕದ್ದ ಮಾಲು ಅಂತ ಗೊತ್ತಿದ್ದು, ಅಥವಾ ಗೊತ್ತಾಗೋ ಹಾಗೆ ಇದ್ದೂ ತಗೊಂಡ್ರೆ ಅದೂ ಅಪರಾಧ. ಮೊದಲು ಐಪಿಸಿ 411 ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ 317. ಮೂರು ವರ್ಷದವರೆಗೆ ಜೈಲು ಇದೆ, ಕದ್ದವನಿಗೆ ಇರೋ ಶಿಕ್ಷೆಯೂ ಅಷ್ಟೇ. ಹಳೇ ಗಾಡಿ ತಗೊಳ್ಳೋರು ಆರ್‌ಸಿ ಕೇಳಿ, ಚಾಸಿ ನಂಬರನ್ನ ಬಟ್ಟೇಲಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿ. ಐದು ನಿಮಿಷದ ಕೆಲಸ. ಅಲ್ಲಿ ಉಜ್ಜಿ ಅಳಿಸಿದ ಹಾಗೆ ಕಂಡ್ರೆ ಚಹಾ ಕುಡಿದು ಎದ್ದು ಬನ್ನಿ.

ಇನ್ನು ಇನ್ಷೂರೆನ್ಸ್. ಇದನ್ನ ಸ್ವಲ್ಪ ಗಮನ ಇಟ್ಟು ಓದಿ, ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪು ತಿಳ್ಕೊಂಡಿದ್ದಾರೆ ಅಂತ ನನ್ನ ಅಂದಾಜು. ಗಾಡಿ ನಾನು ತಗೊಂಡಿದ್ದು 2019ರಲ್ಲಿ, ಎಲ್ಲಾ ಸೇರಿ ಅರವತ್ತೈದು ಸಾವಿರದ ಹತ್ರ. ಶೋರೂಮಲ್ಲಿ 'ಐದು ವರ್ಷ ಇನ್ಷೂರೆನ್ಸ್ ಇದೆ' ಅಂದಿದ್ರು. ಸುಳ್ಳಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ್ದು ಕಡ್ಡಾಯ. ಆದ್ರೆ ಆ ಐದು ವರ್ಷ ಥರ್ಡ್ ಪಾರ್ಟಿಗೆ ಮಾತ್ರ, ಅಂದ್ರೆ ನಾವು ಬೇರೆಯವರಿಗೆ ಗುದ್ದಿದ್ರೆ. ನಮ್ಮ ಗಾಡಿ ಕಳುವಾದ್ರೆ, ಸುಟ್ಟು ಹೋದ್ರೆ ಕೊಡೋ ಭಾಗ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರುತ್ತೆ, ಆಮೇಲೆ ವರ್ಷ ವರ್ಷ ನಾವೇ ಕಟ್ಟಬೇಕು. ನಾನು ಕಟ್ಟಿರಲಿಲ್ಲ. ಕಟ್ಟಿದ್ದಿದ್ರೆ ಗಾಡಿ ಸಿಗದೇ ಹೋಗಿದ್ರೂ ಮೂರು ವರ್ಷ ದಾಟಿದ ಗಾಡಿ ಅಂತ ಶೇ. 40 ಸವಕಳಿ ಕಳೆದು ಉಳಿದ ಬೆಲೆಗೆ ಕ್ಲೇಮ್ ಹಾಕಬಹುದಿತ್ತು. ಅದಕ್ಕೆ ಕಟ್ಟಬೇಕಾದ್ದು ಎಷ್ಟು ಅಂತ ಆಮೇಲೆ ಏಜೆಂಟರ ಹತ್ರ ಕೇಳಿದೆ. ಒಂದು ಮೂಟೆ ಡಿಎಪಿಗಿಂತ ಕಮ್ಮಿ.

ಕಟ್ಟಿದ್ರೂ ಒಂದು ತೊಡಕಿದೆ. ಕ್ಲೇಮ್ ಹೊತ್ತಿಗೆ ಕಂಪನಿಯವರು ಗಾಡಿಯ ಎರಡೂ ಕೀ ಕೇಳ್ತಾರೆ. ಒಂದು ಕೀ ಗಾಡಿ ಜೊತೆಗೇ ಹೋಗಿದೆ ಅಂದ್ರೆ 'ನಿಮ್ಮದೇ ಅಜಾಗರೂಕತೆ' ಅಂತ ಶುರುವಾಗುತ್ತೆ. ಹಾಗಾಗಿ ಎರಡನೇ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ ಇಟ್ಕೊಳ್ಳಿ. ಮತ್ತೆ ಕಳುವಾದ ದಿನವೇ 112ಕ್ಕೆ ಫೋನ್ ಮಾಡಿ, ಸ್ಟೇಷನ್‌ಗೆ ಹೋಗಿ ಎಫ್‌ಐಆರ್ ಮಾಡಿಸಿ, ಕಂಪನಿಗೂ ಅದೇ ದಿನ ತಿಳಿಸಿ. 'ಎರಡು ದಿನ ಹುಡುಕಿ ನೋಡಣ' ಅನ್ನಬೇಡಿ. ಉತ್ತರದ ಕಡೆ ಒಬ್ಬ ರೈತರ ಟ್ರ್ಯಾಕ್ಟರ್ ಕಳುವಾಗಿ, ಕಂಪನಿಗೆ ತಿಳಿಸಿದ್ದು ತಡ ಅಂತ ಕ್ಲೇಮ್ ತಳ್ಳಿ ಹಾಕಿದ್ರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಜನವರಿಯಲ್ಲಿ ರೈತರ ಪರ ಆಯ್ತು. ಯಾಕೆ ಆಯ್ತು ಅಂದ್ರೆ ಪೊಲೀಸ್ ದೂರು ತಡ ಮಾಡದೆ ಕೊಟ್ಟಿದ್ರು. ಗಾಡಿ ಸಿಗದಿದ್ರೆ ಪೊಲೀಸರು ಪತ್ತೆಯಾಗಿಲ್ಲ ಅಂತ ಕೋರ್ಟಿಗೆ ಹಾಕೋ ಸಿ ರಿಪೋರ್ಟ್ ಕೂಡ ಕ್ಲೇಮಿಗೆ ಬೇಕಾಗುತ್ತೆ.

ಸಿಕ್ಕ ಗಾಡಿಯೂ ಸೀದಾ ಮನೆಗೆ ಬರಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದು ಕೊಟ್ಟು ಬಿಡಿಸಿಕೊಳ್ಳಬೇಕು. ವಕೀಲರ ಫೀಸು, ಓಡಾಟ, ಎರಡು ದಿನದ ಕೆಲಸ ಹಾಳು. ಬೆಸುಗೆ ಹಾಕಿದ ಆ ಸ್ಟ್ಯಾಂಡ್ ಇವತ್ತಿಗೂ ಗಾಡೀಲೇ ಇದೆ. ಗೊಬ್ಬರದ ಮೂಟೆಗೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಬೀಗದ ಬಗ್ಗೆ ಬಹಳ ಜನ ಕೇಳ್ತಾರೆ. ನನಗೆ ಗೊತ್ತಾದಷ್ಟು ಹೇಳ್ತೀನಿ. ಹ್ಯಾಂಡಲ್ ಲಾಕ್ ಅಂದ್ರೆ ಒಳಗೆ ಒಂದು ಸಣ್ಣ ಕಬ್ಬಿಣದ ಗೂಟ ಅಷ್ಟೇ. ತಾಕತ್ತಿರೋನು ಹ್ಯಾಂಡಲ್ ಹಿಡಿದು ಜೋರಾಗಿ ತಿರುಗಿಸಿದ್ರೆ ಮುರಿಯುತ್ತೆ. ಆದ್ರೂ ಹಾಕಿ, ಹಾಕದೇ ಇರೋ ಪಕ್ಕದ ಗಾಡಿ ಮೊದಲು ಹೋಗುತ್ತೆ. ಹತ್ತು ವರ್ಷದ ಹಳೇ ಗಾಡಿಗಳ ಕೀ ತೂತು ಸವೆದು ಯಾವ ಕೀ ಹಾಕಿದ್ರೂ ತಿರುಗುತ್ತೆ. ನಿಮ್ಮದೂ ಹಾಗಿದ್ರೆ ಲಾಕ್ ಸೆಟ್ ಬದಲಾಯಿಸಿ. ಪೆಟ್ರೋಲ್ ಕಾಕ್ ಇರೋ ಹಳೇ ಗಾಡಿಗಳಿಗೆ ಖರ್ಚಿಲ್ಲದ ಉಪಾಯ ಒಂದಿದೆ: ನಿಲ್ಲಿಸಿದಾಗ ಕಾಕ್ ಆಫ್ ಮಾಡಿ. ಕಾರ್ಬುರೇಟರಲ್ಲಿ ಉಳಿದಿದ್ದರಲ್ಲಿ ಸ್ವಲ್ಪ ದೂರ ಹೋಗಿ ಗಾಡಿ ಬುಸ್ ಅಂತ ನಿಲ್ಲುತ್ತೆ. 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆ ಕಾಕ್ ಇಲ್ಲ. ಅಂಥವರು ಮತ್ತು ಸ್ಕೂಟರಿನವರು ಚೈನು ಬೀಗ ಇಟ್ಕೊಳ್ಳೋದೇ ಸರಿ. ಚೈನನ್ನ ಬರೀ ಚಕ್ರಕ್ಕೆ ಸುತ್ತಿದ್ರೆ ಇಬ್ಬರು ಸೇರಿ ಗಾಡೀನೇ ಎತ್ತಿ ಪಿಕಪ್‌ಗೆ ಹಾಕ್ತಾರೆ, ಚಕ್ರದ ಜೊತೆ ಕಂಬಕ್ಕೋ ಕಬ್ಬಿಣದ ಗೇಟಿಗೋ ಸೇರಿಸಿ ಹಾಕಿ. ನೆಲಕ್ಕೆ ತಾಗೋ ಹಾಗೆ ಬಿಡಬೇಡಿ, ಕೆಳಗೆ ಕಲ್ಲಿದ್ರೆ ಮೇಲಿಂದ ಸುತ್ತಿಗೇಲಿ ಹೊಡೆಯೋದು ಸುಲಭ. ಅರಸಾಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗೋರು, ಸರ್ಕಲಲ್ಲಿ ಗಾಡಿ ಬಿಟ್ಟು ಶಿವಮೊಗ್ಗ ಆಸ್ಪತ್ರೆಗೆ ಬಸ್ಸಲ್ಲಿ ಹೋಗೋರು, ಸಾಗರದ ಮಾರಿಜಾತ್ರೆಗೆ ಹೋಗೋರು ಇದನ್ನ ಮರೀಬೇಡಿ. ಜಿಪಿಎಸ್ ಹಾಕಿಸಿ ಅಂತ ಮಗ ಹೇಳ್ತಾನೆ. ನಮ್ಮ ತೋಟದ ತಗ್ಗಲ್ಲಿ ಫೋನಿಗೇ ಸಿಗ್ನಲ್ ಇಲ್ಲ, ಅದಕ್ಕೆಲ್ಲಿಂದ ಬರಬೇಕು. ಪೇಟೇಲಿ ಇರೋರಿಗೆ ಉಪಯೋಗ ಆದೀತು. ಆರ್‌ಸಿ ಒರಿಜಿನಲ್ ಡಿಕ್ಕೀಲಿ ಇಡಬೇಡಿ, ಡಿಜಿಲಾಕರ್‌ನಲ್ಲಿ ತೋರಿಸಿದ್ರೆ ನಡೆಯುತ್ತೆ.

ಆದ್ರೆ ನನ್ನ ವಾದ ಬೀಗದ್ದಲ್ಲ, ಕೀದು. 'ಕೀ ತೆಗೆದ್ರೆ ಊರಿನ ನಂಬಿಕೆ ಹೋಗುತ್ತೆ' ಅನ್ನೋರು ಈಗಲೂ ಇದ್ದಾರೆ. ನಾನು ಹೇಳೋದು ಉಲ್ಟಾ. ಕೀ ಜೇಬಲ್ಲಿ ಇದ್ದಿದ್ರೆ ಆ ಸಂಜೆ ಯಾರ ಮುಖ ನೋಡೋದೂ ಬೇಕಿರಲಿಲ್ಲ. ಕೀ ಬಿಟ್ಟಿದ್ದು ನಾನು, ಅದರ ಬೆಲೆ ಕಟ್ಟಿದ್ದು ಕೂಲಿಗೆ ಬಂದ ಹುಡುಗ. ಪಕ್ಕದ ಮನೆಯವರಿಗೆ ಈಗಲೂ ಗಾಡಿ ಕೊಡ್ತೀನಿ. ಕೀ ಅಡುಗೆಮನೆ ಬಾಗಿಲ ಹತ್ರ ಮೊಳೆಗೆ ಹಾಕಿರುತ್ತೆ, ಕೇಳಿ ತಗೊಂಡು ಹೋಗ್ತಾರೆ. ಕೇಳಿದಾಗ ನಮ್ಮನೆಯವಳು ಒಂದು ಲೋಟ ಮಜ್ಜಿಗೆ ಕೊಡ್ತಾಳೆ. ಮೊದಲು ಅದೂ ಇರಲಿಲ್ಲ.

ಕಳೆದ ಕೊನೆಗೆ ಅದೇ ಊರ ಕಡೆಯ ತಂಡ ಬಂದಿತ್ತು. ಹಳಬರು ಇಬ್ಬರಿದ್ರು. ಆ ಹುಡುಗನ ಬಗ್ಗೆ ಕೇಳಿದೆ. 'ಅಂವ ಈ ಕಡೆ ಬರಂಗಿಲ್ಲ ಅಂದಾನ್ರಿ' ಅಂದ್ರು. ಗಾಡಿ ಸಿಕ್ಕಿದ ವಿಷಯ ಅವನಿಗೆ ಹೇಳಿದ್ದೀರಾ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ನಂಬರ್ ಇಸ್ಕೊಂಡೆ. ಎರಡು ಸಲ ಮಾಡಿದೆ, ರಿಂಗ್ ಆಯ್ತು, ಎತ್ತಲಿಲ್ಲ. ಔಷಧಿ ಹೊಡೆದು ಮುಗಿದ ಮೇಲೆ ಇನ್ನೊಮ್ಮೆ ಮಾಡ್ತೀನಿ.